ಮೌನಪ್ಪನ ಮಗಳ ಬಿಲ್ಲೆ

ನಮ್ಮೂರಿನಲ್ಲಿ ಕೂಸು ಹುಟ್ಟಿದ ಸುದ್ದಿ ಅಜ್ಜಿ ಅತ್ತೆಯರಿಗಿಂತ ಮೊದಲು ಟಂಕಸಾಲೆಗೆ ಹೋಗುತ್ತಿತ್ತು. ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದವಳೇ ಯಾರನ್ನಾದರೂ ಅತ್ತ ಓಡಿಸುತ್ತಿದ್ದಳು. ಅಲ್ಲಿ ತಾಮ್ರದ ಹಾಳೆಯಿಂದ ಒಂದು ಬಿಲ್ಲೆ ಕತ್ತರಿಸಿ, ಗಾಲಿಗೆ ಕೊಟ್ಟು ಅಂಚು ಕಟ್ಟಿ, ಅಚ್ಚಿನ ಕೆಳಗಿಟ್ಟು ಒಂದೇ ಒಂದು ಪೆಟ್ಟು ಹಾಕುತ್ತಿದ್ದರು. ಒಂದು ಬದಿಗೆ ಮೀನು, ಇನ್ನೊಂದು ಬದಿಗೆ ಆ ವರ್ಷ. ಸೂರ್ಯ ಮುಳುಗುವುದರೊಳಗೆ ಅದು ಕೂಸಿನ ಕೊರಳಿನ ದಾರಕ್ಕೆ ಬರಬೇಕು. ಆ ಬಿಲ್ಲೆಯಿಂದ ಏನನ್ನೂ ಕೊಳ್ಳುವ ಹಾಗಿರಲಿಲ್ಲ, ಮಾರುವ ಹಾಗೂ ಇರಲಿಲ್ಲ. ಅದು ಆ ಮನುಷ್ಯನದು, ಅಷ್ಟೇ.

ಟಂಕಸಾಲೆಯಲ್ಲಿದ್ದವರೂ ಮನುಷ್ಯರೇ. ನಿದ್ದೆಗಣ್ಣಿನಲ್ಲಿ ಅಚ್ಚು ಓರೆಯಾಗುತ್ತಿತ್ತು, ಮೀನಿಗೆ ಎರಡು ಬಾಲ ಬರುತ್ತಿತ್ತು, ಅಚ್ಚಿನಲ್ಲಿ ಜಿಡ್ಡು ತುಂಬಿ ವರ್ಷವೇ ಮೂಡುತ್ತಿರಲಿಲ್ಲ. ತಪ್ಪಾದ ಬಿಲ್ಲೆಯನ್ನು ಬದಲಾಯಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಂಥ ಬಿಲ್ಲೆಯವರು ಇಪ್ಪತ್ತು ತುಂಬಿದ ಮೇಲೆ ಬಾಳಿನಲ್ಲಿ ಒಮ್ಮೆ ಊರ ಕಟ್ಟೆಯ ಮೇಲೆ ನಿಂತು ಒಂದು ಮಾತು ಕೇಳಬಹುದಿತ್ತು. ಊರು ಅದನ್ನು ನಡೆಸಿಕೊಡಬೇಕು. ಹುಟ್ಟಿದ ದಿನವೇ ಊರು ಅವರ ವಿಷಯದಲ್ಲಿ ತಪ್ಪಿತ್ತಲ್ಲ, ಅದಕ್ಕೆ. ನಾನು ಕಂಡಂತೆ ಜನ ಕೇಳಿದ್ದೆಲ್ಲ ಸಣ್ಣಪುಟ್ಟದ್ದೇ. ಒಬ್ಬಾಕೆ ತನ್ನ ಓಣಿಗೆ ಬಾವಿ ಕೇಳಿದಳು. ಸಂತೆಯ ದಿನ ತವರಿಗೆ ಹೋಗಲು ಬಂಡಿ ಸಿಗುವುದಿಲ್ಲವೆಂದು ಒಬ್ಬ ಸೊಸೆ ಸಂತೆಯನ್ನೇ ಮಂಗಳವಾರದಿಂದ ಗುರುವಾರಕ್ಕೆ ಹಾಕಿಸಿದಳು. ಒಬ್ಬ ಮುದುಕ ತನ್ನನ್ನು ಇನ್ನು ಮೇಲೆ ಯಾರೂ ಕಪ್ಪೆ ಎಂದು ಕರೆಯಬಾರದು ಎಂದ. ಜನ ಎಷ್ಟು ಎಚ್ಚರವಹಿಸಿದರೆಂದರೆ, ನಾನು ದೊಡ್ಡವಳಾಗುವ ಹೊತ್ತಿಗೆ ನಮ್ಮೂರಲ್ಲಿ ನಿಜವಾದ ಕಪ್ಪೆಗಳನ್ನೂ ‘ನೀರಿನವು’ ಎನ್ನುತ್ತಿದ್ದರು.

ಇಂಥ ಊರಿನಲ್ಲಿ ಜನ ಸುಮ್ಮನಿರುತ್ತಾರೆಯೇ? ಬಿಲ್ಲೆಗಳನ್ನು ಬಂಡಿಯ ಗಾಲಿಗೆ ಕೊಟ್ಟರು, ಬೆಂಕಿಗೆ ಹಾಕಿದರು, ಹುಣಸೆಹುಳಿಯಲ್ಲಿ ವಾರಗಟ್ಟಲೆ ನೆನೆಸಿದರು, ಉಳಿಯಿಂದ ಕಡಿದರು. ತಂದು ಎದುರಿಗಿಟ್ಟು, “ನೋಡ್ರಿ, ಟಂಕಸಾಲ್ಯಾಗ ಹಿಂಗ ಆಗೇತಿ” ಎನ್ನುತ್ತಿದ್ದರು. ಯಾವುದು ಹುಟ್ಟುತಪ್ಪು, ಯಾವುದು ಆಮೇಲೆ ಬಿದ್ದ ಪೆಟ್ಟು ಎಂದು ಹೇಳುವುದಕ್ಕೆಂದೇ ಊರು ಒಬ್ಬ ನೋಟಗಾರನನ್ನು ಇಟ್ಟುಕೊಂಡಿತ್ತು. ನನ್ನ ಸೋದರಮಾವ ಕೊಟ್ರಪ್ಪನವರು ನಲವತ್ತು ವರ್ಷ ಆ ನೋಟಗಾರರಾಗಿದ್ದರು.

ನನ್ನವ್ವ ತೀರಿಕೊಂಡಾಗ ನನಗೆ ಹತ್ತೊಂಬತ್ತು. ಮಾವ ಮದುವೆಯಾಗಿರಲಿಲ್ಲ, ಅವರ ಕಣ್ಣಿಗೆ ಆಗಲೇ ಪೊರೆ ಕಟ್ಟತೊಡಗಿತ್ತು. ಅನ್ನ ಬೇಯಿಸಿ ಹಾಕಲು ಬಂದವಳು ನಾನು. ಒಂದು ದಿನ ಭೂತಕನ್ನಡಿಯಲ್ಲಿ ಅವರಿಗೆ ಕಾಣದ್ದು ನನಗೆ ಕಂಡಿತು. ಅವತ್ತಿನಿಂದ ಒಲೆಯ ಮುಂದಿಗಿಂತ ಕಿಟಕಿಯ ಮುಂದೆ ಕೂತದ್ದೇ ಹೆಚ್ಚು. ಬೆಳಗಿನ ಓರೆಬಿಸಿಲಿನಲ್ಲಿ ಬಿಲ್ಲೆಯನ್ನು ಹಿಡಿದು ತಿರುಗಿಸುತ್ತ ಮಾವ ಹೇಳುತ್ತಿದ್ದರು: “ಅಂಬವ್ವಾ, ಗೆರಿ ನೋಡಬ್ಯಾಡ, ತಾಮ್ರ ಎಲ್ಲಿಗೆ ಹೋಗೇತಿ ಅದನ್ನ ನೋಡು. ಅಚ್ಚಿನ ಕೆಳಗ ಆದದ್ದಿದ್ರ ತಾಮ್ರ ತಾನಾಗೇ ಹರದಿರತೈತಿ. ಆಮ್ಯಾಲಿನ ಪೆಟ್ಟಾದ್ರ ಪಾಪ, ಯಾರೋ ದೂಡಿರ್ತಾರ ಅದನ್ನ, ಬಾಜೂಕ ಒತ್ತರಿಸಿಕೊಂಡು ಕುಂತಿರತೈತಿ.” ಅವರು ತಾಮ್ರದ ಬಗ್ಗೆ ಹೀಗೆ ಸಂಬಂಧಿಕರ ಬಗ್ಗೆ ಮಾತಾಡಿದ ಹಾಗೆ ಮಾತಾಡುವುದನ್ನು ಕೇಳುವುದೇ ನನಗೆ ಸುಖವಾಗಿತ್ತು. ಇವತ್ತಿಗೂ ತಾಮ್ರ ತಿಕ್ಕಿದ ಕೈ ಮೂಸಿದರೆ ಆ ಕಿಟಕಿ, ಆ ಬಿಸಿಲು, ಮಾವನ ಅಂಗಿಯ ಸವೆದ ತೋಳು ಎಲ್ಲವೂ ಎದುರಿಗೆ ಬರುತ್ತವೆ.

ತಾವು ನೋಡಿದ ಪ್ರತಿಯೊಂದು ಬಿಲ್ಲೆಯ ಗುರುತನ್ನೂ ಮಾವ ಅರಗಿನಲ್ಲಿ ಒತ್ತಿ ಇಟ್ಟುಕೊಳ್ಳುತ್ತಿದ್ದರು. ಹಿಂದೆ ಹೆಸರು, ಮುಂದೆ ಒತ್ತು. ಅಂಥ ಚಪ್ಪಟೆ ಅರಗಿನ ಹಲ್ಲೆಗಳು ಎರಡು ಮರದ ಪೆಟ್ಟಿಗೆ ತುಂಬ ಇದ್ದವು.

ನನಗೆ ಮೂವತ್ತೊಂದಾದ ವರ್ಷ ಟಂಕಸಾಲೆ ನಿಂತಿತು. ಹುಟ್ಟಿದ ಕೂಸುಗಳಿಗೆ ಇನ್ನು ಕಾಗದ ಕೊಟ್ಟರೆ ಸಾಕು ಎಂದು ಮೇಲಿನಿಂದ ಹುಕುಂ ಬಂದಿತ್ತು. ಕೊನೆಯ ಕೆಲಸಗಾರ ಹುಸೇನಸಾಬರು ಉಳಿದ ತಾಮ್ರವನ್ನೆಲ್ಲ ಮೂಲೆಗೆ ಗುಡ್ಡೆ ಹಾಕುತ್ತಿದ್ದಾಗ ನಾನು ನೋಡಲು ಹೋಗಿದ್ದೆ. ಬಿಲ್ಲೆ ಕತ್ತರಿಸಿ ತೂತು ತೂತಾಗಿದ್ದ ಹಾಳೆಗಳ ನಡುವೆ ಕೆಲವು ಅಚ್ಚು ಕಾಣದ ಬೋಳು ಬಿಲ್ಲೆಗಳಿದ್ದವು. ಎಲ್ಲಕ್ಕೂ ಯಾರೋ ರೊಟ್ಟಿಗೆ ಬಾಯಿ ಹಾಕಿದ ಹಾಗೆ ಒಂದು ಕಡೆ ಕಚ್ಚು.

“ಇವಕ್ಕ ಏನಾಗೇತ್ರಿ ಹುಸೇನಣ್ಣಾ?” ಎಂದೆ.

“ಹಾಳಿ ಮುಂದ ಸರಿಸೂದು ಮರತಿರ್ತೇವವ್ವಾ. ಹಿಂದಿನ ತೂತಿನ ಮ್ಯಾಲೇ ಮತ್ತ ಉಳಿ ಬೀಳತೈತಿ. ಅಷ್ಟು ತಾಮ್ರ ಮದಲ ಇರೂದಿಲ್ಲ. ನಮ್ಮ ಕಣ್ಣಿಗೆ ಬಿದ್ರ ತಗದು ಹಾಕತಿದ್ವಿ. ಬೀಳದ್ದು ಯಾರ ಕೊಳ್ಳಿಗೆ ಹೋತೋ ಯಾರಿಗೆ ಗೊತ್ತು!”

ಗಾಲಿಗೆ ಒಮ್ಮೆ ಕೊಟ್ಟು ತೋರಿಸುತ್ತೀರಾ ಎಂದು ಕೇಳಿದೆ. ಅದೇ ಕೊನೆ ಸಲವೆಂದು ಅವರಿಗೂ ತಿರುಗಿಸುವ ಆಸೆ ಇತ್ತೇನೋ, ಐದಾರು ಕೊಟ್ಟರು. ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತಿ ಉರುಳಿಸುತ್ತ ಅಂಚನ್ನು ಎಬ್ಬಿಸುವ ಗಾಲಿ ಅದು. ಹೊರಗೆ ಬಂದದ್ದನ್ನು ಬಿಸಿಲಿಗೆ ಹಿಡಿದೆ. ಕಚ್ಚಿನ ಕಡೆಯಷ್ಟೇ ಅಲ್ಲ, ಅದಕ್ಕೆ ನೇರ ಎದುರಿನ ಕಡೆಯೂ ಅಂಚು ಎದ್ದಿರಲಿಲ್ಲ. ಈ ಕಡೆ ತಾಮ್ರವಿಲ್ಲದಾಗ ಆ ಕಡೆ ಒತ್ತಲು ಏನೂ ಇರುವುದಿಲ್ಲವಲ್ಲ! ಅಂಚು ಕಟ್ಟಿಯಾದ ಮೇಲೆ ಮನೆಯಲ್ಲಿ ಕಡಿದ ಬಿಲ್ಲೆಗೆ ಎದುರಿನ ಅಂಚು ಗಟ್ಟಿಯಾಗಿಯೇ ಇರಬೇಕು. ಮಾವ ನನಗೆ ಕಲಿಸಿದ್ದು ಕಚ್ಚಿನ ಮೈಯನ್ನು ನೋಡುವುದನ್ನು ಮಾತ್ರ. ಆಯುಧದ ಗೆರೆ ಇದ್ದರೆ ಆಮೇಲಿನ ಪೆಟ್ಟು, ಅಷ್ಟೇ. ಎದುರಿನ ಅಂಚನ್ನು ನೋಡಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ.

ಹಿಗ್ಗಿನಿಂದ ಮನೆಗೆ ಓಡಿ ಬಂದು ಪೆಟ್ಟಿಗೆ ತೆಗೆದೆ. ಕಚ್ಚು ಬಿದ್ದ ಬಿಲ್ಲೆಗಳ ಒತ್ತು ಹನ್ನೊಂದಿದ್ದವು, ಎಲ್ಲವನ್ನೂ ಮಾವ ತಳ್ಳಿಹಾಕಿದ್ದರು. ಹತ್ತರಲ್ಲಿ ಅವರ ಮಾತು ಸರಿಯಾಗಿತ್ತು. ಹನ್ನೊಂದನೆಯದನ್ನು ಹಿಡಿದಾಗ ನನ್ನ ಹಿಗ್ಗು ಅಲ್ಲಿಗೇ ನಿಂತುಹೋಯಿತು. ಕಚ್ಚಿನ ಮೂಲೆಗಳಲ್ಲಿ ಅರದಿಂದ ಉಜ್ಜಿದ ಗೆರೆಗಳು ಸ್ಪಷ್ಟವಾಗಿದ್ದವು, ಆದರೆ ಎದುರಿನ ಅಂಚು ಇರಲೇ ಇಲ್ಲ. ಹಿಂದೆ ತಿರುಗಿಸಿದೆ. ‘ಕಾಳವ್ವ, ಕಂಚುಗಾರ ಮೌನಪ್ಪನ ಮಗಳು.’

ಆ ಹೆಸರು ಗೊತ್ತಿರದವರು ಊರಿನಲ್ಲಿರಲಿಲ್ಲ. ನಾನು ಹುಟ್ಟುವುದಕ್ಕೂ ಮುಂಚಿನ ಮಾತು. ಇಪ್ಪತ್ತೆರಡರ ಕಾಳವ್ವ ತನ್ನ ಬಿಲ್ಲೆ ತಂದಿದ್ದಳಂತೆ, ಟಂಕಸಾಲೆಯ ಹಿಂದೆ ಪಾಳು ಬಿದ್ದಿದ್ದ ಜಾಗವನ್ನು ಅಪ್ಪನ ಕುಲುಮೆಗೆ ಕೇಳಬೇಕೆಂದು. ಬಿಲ್ಲೆಯನ್ನು ಮನೆಯಲ್ಲೇ ಕಡಿದು ಅರ ಹಾಕಿದ್ದಾರೆ ಎಂದು ನೋಟಗಾರರು ಹೇಳಿದರು. ಅರ, ಉಳಿ, ಸುತ್ತಿಗೆ ಎಲ್ಲವೂ ಇದ್ದ ಮನೆ ಅದು. ಮಗಳ ಹುಟ್ಟುಬಿಲ್ಲೆಯನ್ನೇ ಕಡಿದವನು ಎಂದು ಜನ ಮೌನಪ್ಪನ ಕಡೆ ಪಾತ್ರೆ ಕೊಡುವುದನ್ನು ಬಿಟ್ಟರು. ಅವನು ಕುಲುಮೆಯನ್ನು ಹಳ್ಳದ ಆಚೆಗೆ ಒಯ್ದ. ಎಂಟು ವರ್ಷಕ್ಕೆ ಸತ್ತ. ಕಾಳವ್ವ ಮದುವೆಯಾಗಲಿಲ್ಲ. ಅಪ್ಪನ ಸುತ್ತಿಗೆ ಹಿಡಿದು ಬೇರೆ ಊರುಗಳನ್ನು ತಿರುಗಿ ಕಲಾಯಿ ಹಾಕಿ, ಬೆಸುಗೆ ಹಾಕಿ ಬದುಕುತ್ತಿದ್ದಳು.

ಮೂರು ದಿನ ಆ ಅರಗಿನ ಹಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ತಿರುಗಿದೆ. ಮಾವನಿಗೆ ಆಗ ಎಪ್ಪತ್ತು ದಾಟಿತ್ತು, ಕಣ್ಣು ಪೂರ್ತಿ ಹೋಗಿತ್ತು. ತಾನು ಯಾರಿಗೂ ಅನ್ಯಾಯ ಮಾಡಿಲ್ಲ ಎಂಬ ನೆಮ್ಮದಿಯೊಂದನ್ನು ಬಿಟ್ಟು ಅವರಲ್ಲಿ ಬೇರೇನಿತ್ತು? ಅದನ್ನೂ ಕಿತ್ತುಕೊಳ್ಳಲೇ? ಸುಮ್ಮನಿದ್ದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವರೇ, “ಯಾಕವ್ವಾ, ಮಾತಿಗೆ ಉಪ್ಪಿಲ್ಲ, ಸಾರಿಗೂ ಉಪ್ಪಿಲ್ಲ?” ಎಂದರು. ಗಂಟು ಬಿಚ್ಚಿ ಅವರ ಕೈಗಿಟ್ಟೆ.

ಅರಗಿನಲ್ಲಿ ಎಲ್ಲವೂ ತಿರುವುಮುರುವು. ಬಿಲ್ಲೆಯಲ್ಲಿ ಎದ್ದ ಅಂಚು ಇಲ್ಲಿ ಕಾಲುವೆ. ಗಾಲಿಯ ಸಂಗತಿಯನ್ನು ನಾನು ಹೇಳುತ್ತ ಹೋದಂತೆ ಮಾವ ಹೆಬ್ಬೆರಳಿನ ಉಗುರನ್ನು ಆ ಕಾಲುವೆಯಲ್ಲಿ ಸುತ್ತ ಓಡಿಸಿದರು. ಕಚ್ಚಿನಿಂದ ಹೊರಟ ಉಗುರು ಅರ್ಧ ದಾರಿಗೆ ಬಂದು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು.

“ಇಲ್ಲಿ ಇಲ್ಲ” ಎಂದರು.

“ಹೌದ್ರಿ ಮಾವ.”

“ಯಾರದು?”

ಹೆಸರು ಹೇಳಿದೆ. ಮಾವ ಹಲ್ಲೆಯನ್ನು ನನ್ನ ಕೈಗೆ ಮರಳಿ ಕೊಟ್ಟರು. ಎದ್ದು ಗೋಡೆ ಹಿಡಿದುಕೊಂಡು ಹೋಗಿ ರುಮಾಲು ಸುತ್ತಿಕೊಂಡು ಬಂದರು. “ನಡಿ.”

“ಎಲ್ಲಿಗ್ರಿ? ಬಿಸಿಲೇರೈತಿ.”

“ಬಿಸಿಲಿಗೇನು, ನಂಗ ಕಾಣತೈತೇನು? ನಡಿ.”

ಹಳ್ಳದ ಆಚೆ ಕಾಳವ್ವ ಒಂದು ಹಂಡೆಯನ್ನು ಮಡಿಲಿಗೆ ಅವುಚಿಕೊಂಡು ಒಳಮೈ ತಿಕ್ಕುತ್ತಿದ್ದಳು. ಐವತ್ತೆಂಟರ ಗಟ್ಟಿ ಹೆಂಗಸು, ಮೊಣಕೈಯವರೆಗೆ ಮಸಿ. ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಕಾಳವ್ವಾ, ನಾನು ಕೊಟ್ರಪ್ಪ” ಎಂದರು ಮಾವ.

“ಗೊತ್ತೈತ್ರಿ. ಕಣ್ಣು ನಿಮ್ಮವು ಹೋಗ್ಯಾವು, ನನ್ನವಲ್ಲ.”

“ನಿನ್ನ ಬಿಲ್ಲಿ ಹುಟ್ಟಿದ್ದ ಹಂಗ ಐತಿ. ನಾ ತಪ್ಪು ಹೇಳಿದ್ದೆ.”

ಆಗ ಆಕೆಯ ಕೈ ನಿಂತಿತು. “ಇದನ್ನ ಹೇಳಾಕ ಮೂವತ್ತಾರು ವರ್ಷ ಬೇಕಾತೇನ್ರಿ?”

“ತಿಳಿಯಾಕ ಅಷ್ಟು ಬೇಕಾತು. ತಿಳಿದಿದ್ದು ಇವತ್ತ ಮುಂಜಾನಿ.”

“ನಮ್ಮವ್ವ ಹೇಳಿದ್ಲಲ್ರಿ ಅವತ್ತ, ನಿಮ್ಮ ಬಾಗಿಲಾಗ ನಿಂತು? ಕಚ್ಚಿನ ಮೂಲಿ ಚೂಪ ಇತ್ತು, ಕೂಸಿನ ಎದಿ ಗೀರತಿತ್ತು, ಅದಕ್ಕ ಮೂಲಿಗಷ್ಟ ಅರ ಹಾಕೀನಿ, ಬ್ಯಾರೆ ಏನೂ ಮಾಡಿಲ್ಲ ಅಂತ. ನೀವು ಅರದ ಗೆರಿ ನೋಡಿದ್ರಿ. ಆಕಿ ಮಾತು ಕೇಳ್ಲಿಲ್ಲ.”

“ಕೇಳ್ಲಿಲ್ಲ” ಎಂದರು ಮಾವ.

ಆಕೆ ಕೊರಳಿನ ದಾರವನ್ನು ಎಳೆದು ಬಿಲ್ಲೆಯನ್ನು ಹೊರಗೆ ತೆಗೆದಳು. ಕೊಡುತ್ತಾಳೆಂದುಕೊಂಡೆ. ಕೊಡಲಿಲ್ಲ, ನನಗೆ ಮಾತ್ರ ತೋರಿಸಿದಳು. ನಾನು ಬಗ್ಗಿ ನೋಡಿದೆ. ಸವೆದ ಮೀನಿನ ಬಾಲಕ್ಕೆ ಕಚ್ಚು, ಮೂಲೆಗಳಲ್ಲಿ ತಾಯಿಯ ಅರದ ಗೆರೆ, ತಲೆಯ ಕಡೆ ಅಂಚು ಇಲ್ಲದೆ ನುಣ್ಣಗೆ. “ಅದ ಐತ್ರಿ ಮಾವ” ಎಂದೆ. ಕಾಳವ್ವ ಬಿಲ್ಲೆಯನ್ನು ಒಳಗೆ ಸೇರಿಸಿ, “ಆತಲ್ಲ, ಹೋಗ್ರಿ ಇನ್ನ” ಎಂದಳು. ನಾವು ಹಳ್ಳ ದಾಟುವವರೆಗೂ ಹಂಡೆ ತಿಕ್ಕುವ ಸದ್ದು ಕೇಳಲಿಲ್ಲ.

ಸುದ್ದಿ ನಮಗಿಂತ ಮೊದಲು ಊರು ಸೇರಿತ್ತು. ಸಂಜೆಗೆ ಊರ ಹಿರಿಯ ಬಸಲಿಂಗಪ್ಪನವರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮಾವನಿಗೆ ಬಾಲ್ಯದ ಗೆಳೆಯ. ತಗ್ಗಿದ ದನಿಯಲ್ಲಿ, “ಕೊಟ್ರಪ್ಪಾ, ಆಕಿಗೆ ಹೇಳೀದಿ, ಸಾಕು. ಕಟ್ಟಿ ಮ್ಯಾಲ ಏನೂ ಹೇಳಬ್ಯಾಡ. ನಿನ್ನ ಒಂದು ಮಾತು ಸುಳ್ಳಾದ್ರ ನಲವತ್ತು ವರ್ಷದ ಮಾತೆಲ್ಲ ಸುಳ್ಳು ಅಂತಾರ ಮಂದಿ. ಸತ್ತಾಂವ ಸತ್ತ” ಎಂದರು.

ಮಾವ ಅವರ ದನಿಯ ಕಡೆಗೆ ಮುಖ ತಿರುಗಿಸಿದರು. “ಮೌನಪ್ಪ ಕಡದಾನ ಅಂತ ನಾ ಕಟ್ಟಿ ಮ್ಯಾಲ ನಿಂತ ಹೇಳಿದ್ದೆ ಬಸಲಿಂಗಾ. ಕಡದಿಲ್ಲ ಅಂತ ಅಡಗಿ ಮನ್ಯಾಗ ಕುಂತು ಹೆಂಗ ಹೇಳ್ಲಿ?”

ಗುರುವಾರ ಸಂತೆ ತುಂಬಿದ ಹೊತ್ತಿಗೆ ಅವರನ್ನು ಕೈ ಹಿಡಿದು ಕಟ್ಟೆ ಹತ್ತಿಸಿದೆ. ನಾಲ್ಕೇ ಮಾತು ಆಡಿದರು. ಕಂಚುಗಾರ ಮೌನಪ್ಪ ಬಿಲ್ಲೆ ಕಡಿಯಲಿಲ್ಲ. ಅದು ಟಂಕಸಾಲೆಯ ತಪ್ಪು. ಅದನ್ನು ಕಾಣದೆ ಹೋದದ್ದು ನನ್ನ ತಪ್ಪು. ಮಗಳಿಗೆ ಒಂದು ಮಾತು ಬಾಕಿ ಇದೆ. ಯಾರೋ ಹಿಂದಿನಿಂದ, “ಹಂಗಾರ ನನ್ನ ಬಿಲ್ಲಿನೂ ಮತ್ತ ನೋಡ್ರಿ!” ಎಂದು ಕೂಗಿದ.

ಬಸಲಿಂಗಪ್ಪನವರು ಹೇಳಿದಂತೆಯೇ ಆಯಿತು. ಒಂದು ವಾರ ನಮ್ಮ ಮನೆ ಮುಂದೆ ಸಾಲು. ಹಳೆಯ ತಕರಾರಿನವರೆಲ್ಲ ಬಂದರು. ಕೆಲವರ ಬಿಲ್ಲೆಗಳಲ್ಲಿ ಕಚ್ಚು ಎಷ್ಟು ಹೊಸದಾಗಿತ್ತೆಂದರೆ ತಾಮ್ರ ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಒಂದೊಂದನ್ನೂ ನೋಡಿದೆ, ಒಬ್ಬೊಬ್ಬರಿಗೂ ಎದುರಿನ ಅಂಚನ್ನು ತೋರಿಸಿ ತಿಳಿಸಿ ಹೇಳಿದೆ. ಮಾವ ಬೇರೆಲ್ಲೂ ತಪ್ಪಿರಲಿಲ್ಲ. ಹಾಗೆಂದು ಅವರಿಗೆ ಹೇಳಿದಾಗ, “ಒಂದ ಸಾಕಾತಲ್ಲ” ಎಂದರು.

ಮುಂದಿನ ಗುರುವಾರ ಕಾಳವ್ವ ಬಂದಳು. ಮಸಿ ತೊಳೆದುಕೊಂಡು, ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದಳು. ಏನು ಕೇಳುತ್ತಾಳೋ ಎಂದು ಊರಿಗೆ ಊರೇ ಹೆದರಿತ್ತು. ನೋಟಗಾರರನ್ನು ಊರು ಬಿಡಿಸಿ ಎನ್ನುತ್ತಾಳೆ ಎಂದು ಕೆಲವರು. ಹಾಗೆ ಕೇಳಿದರೆ ನಾನೂ ಜೊತೆಗೆ ಹೊರಡಬೇಕೆಂದು ಬೆಳಗ್ಗೆಯೇ ಬಟ್ಟೆ ಗಂಟು ಕಟ್ಟಿಟ್ಟಿದ್ದೆ.

ಆಕೆ ಕಟ್ಟೆ ಹತ್ತಿ, ಸೆರಗು ಸೊಂಟಕ್ಕೆ ಸಿಗಿಸಿ, ಎಲ್ಲರನ್ನೂ ಒಮ್ಮೆ ನೋಡಿದಳು.

“ನಮ್ಮಪ್ಪ ಸಾಯೂತನಕ ಕುಲುಮಿ ಮುಂದ ಕುಂತಿದ್ದ. ದಿನಾ ತಿದಿ ಒತ್ತಿ ಬೆಂಕಿ ಮಾಡತಿದ್ದ, ಯಾರರ ಬಂದಾರು ಅಂತ. ಈ ಊರಿನ ಒಂದು ಚರಗಿ ಸೈತ ಬರಲಿಲ್ಲ. ನನ್ನ ಮಾತು ಇಷ್ಟ. ಪ್ರತಿ ಮನಿಯಿಂದ ಒಂದು ತೂತು ಬಿದ್ದದ್ದು, ನಗ್ಗಿದ್ದು ತರ್ರಿ. ನಾ ಸರಿ ಮಾಡಿ ಕೊಡ್ತೀನಿ. ಕೊಟ್ಟು ಹೋಗೂದಲ್ಲ. ಆಗೂತನಕ ನಮ್ಮಪ್ಪನ ಕುಲುಮಿ ಮುಂದ ಕುಂದರಬೇಕು. ದಿನಕ್ಕ ಒಂದ ಮನಿ.”

ಅಷ್ಟೇ ಹೇಳಿ ಇಳಿದು ಹೋದಳು. ಇನ್ನೂರ ಹದಿನಾಲ್ಕು ಮನೆ ನಮ್ಮೂರಿನಲ್ಲಿ. ಮಳೆಗಾಲ ಕಳೆದು ಚಳಿ ಬಂದು ಹೋಗುವವರೆಗೂ ಅದು ನಡೆಯಿತು. ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಬೆಳಗಾದರೆ ಯಾರೋ ಒಬ್ಬರು ಕೊಡವನ್ನೋ ಕೊಪ್ಪರಿಗೆಯನ್ನೋ ಹೊತ್ತುಕೊಂಡು ಹಳ್ಳ ದಾಟುತ್ತಿದ್ದರು, ಬುತ್ತಿ ಕಟ್ಟಿಕೊಂಡು. ಮೊದಮೊದಲು ತಲೆ ತಗ್ಗಿಸಿ ಕೂತು ಬರುತ್ತಿದ್ದರು. ಆದರೆ ಸಂಜೆಯವರೆಗೂ ಬಾಯಿ ಮುಚ್ಚಿ ಕೂರುವುದು ನಮ್ಮ ಮಂದಿಗೆ ಎಲ್ಲಿ ಸಾಧ್ಯ? ಮೌನಪ್ಪ ತನ್ನ ಮದುವೆಗೆ ಬಡಿದು ಕೊಟ್ಟ ತಾಟು ಇನ್ನೂ ಇದೆ ಎಂದಳು ಒಬ್ಬಳು. ಅವನು ಸುತ್ತಿಗೆಯ ಲಯಕ್ಕೆ ತತ್ತ್ವಪದ ಹೇಳುತ್ತಿದ್ದ ಎಂದ ಇನ್ನೊಬ್ಬ. ಮೂವತ್ತಾರು ವರ್ಷ ಯಾರ ಬಾಯಲ್ಲೂ ಒಳ್ಳೆಯದಕ್ಕೆ ಬಾರದ ಹೆಸರು ದಿನಕ್ಕೊಂದು ಮನೆಯಂತೆ ಊರೊಳಗೆ ಮರಳಿ ಬಂತು. ಬಸಲಿಂಗಪ್ಪನವರು ಒಂದು ದೊಡ್ಡ ಹಂಡೆ ಒಯ್ದು ಎರಡು ದಿನ ಕೂತು ಬಂದರು.

ಮೊದಲ ದಿನ ಹೋದದ್ದು ನಮ್ಮ ಮನೆಯೇ. ತಳ ಸೋರುತ್ತಿದ್ದ ಕೊಳಗವನ್ನು ನಾನು ಹೊತ್ತೆ, ಮಾವ ನನ್ನ ಭುಜ ಹಿಡಿದು ಬಂದರು. ಕಾಳವ್ವ ಒಂದು ಮಾತೂ ಆಡಲಿಲ್ಲ, ಮಾವನೂ ಆಡಲಿಲ್ಲ. ಬೆಸುಗೆ ಹಾಕಿ, ನೀರು ತುಂಬಿ ತೋರಿಸಿ, ಕೊಳಗವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಶಿವರಾತ್ರಿಯ ಹೊತ್ತಿಗೆ ಎಲ್ಲ ಮನೆಗಳೂ ಮುಗಿದವು. ಅದಾಗಿ ನಾಲ್ಕು ದಿನಕ್ಕೆ ಮಾವ ಹಿತ್ತಿಲಿನಲ್ಲಿ ಕೈಕಾಲು ತೊಳೆಯುತ್ತಿದ್ದವರು, “ಅಂಬವ್ವಾ, ಈ ಚರಗಿ ಸೋರಾಕತ್ತೈತಿ” ಎಂದರು.

ತೆಗೆದುಕೊಂಡು ನೋಡಿದೆ. ಹನಿ ಸೋರುತ್ತಿರಲಿಲ್ಲ. ತೂಕದ ಹಿತ್ತಾಳೆ ಚರಿಗೆ, ಇನ್ನು ಮೂರು ತಲೆಮಾರು ಬಾಳುವಂಥದ್ದು. ಹಾಗೆಂದು ಹೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ರುಮಾಲು ತಂದುಕೊಟ್ಟೆ. ಜೀವಮಾನದಲ್ಲಿ ಅವರು ತಿಳಿದೂ ತಿಳಿದೂ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಳ್ಳದ ಆಚೆ ಕಾಳವ್ವ ಬಾಗಿಲಲ್ಲೇ ಇದ್ದಳು. ಕುಲುಮೆಯಲ್ಲಿ ಬೆಂಕಿ ಇತ್ತು, ಕೆಲಸ ಇರಲಿಲ್ಲ.

“ನಿಮ್ಮ ಮನೀದು ಆಗೇತಲ್ರಿ” ಎಂದಳು.

“ಇದು ಬ್ಯಾರೆ. ಸೋರತೈತಿ” ಎಂದು ಮಾವ ಚರಿಗೆಯನ್ನು ಮುಂದಕ್ಕೆ ಚಾಚಿದರು.

ಆಕೆ ತೆಗೆದುಕೊಂಡು ಬಾನಿಯ ನೀರು ತುಂಬಿ ಎತ್ತಿ ಹಿಡಿದಳು. ಬೆಳಕಿಗೆ ತಿರುಗಿಸಿದಳು. ತಳ ಒರಸಿ ಅಂಗೈ ಇಟ್ಟು ನೋಡಿದಳು. ಅಂಗೈ ಒಣಗಿಯೇ ಇತ್ತು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಮಾವ ರುಮಾಲಿನ ಚುಂಗನ್ನು ಹಿಡಿದುಕೊಂಡು ಪರೀಕ್ಷೆಗೆ ಬಂದವರಂತೆ ನಿಂತೇ ಇದ್ದರು.

ಕಾಳವ್ವ ನೀರನ್ನು ಮೆಲ್ಲಗೆ ಬೇವಿನ ಗಿಡದ ಬುಡಕ್ಕೆ ಚೆಲ್ಲಿದಳು. ಕುಲುಮೆಯ ಮುಂದಿನ ಕಲ್ಲನ್ನು ಸೆರಗಿನಿಂದ ಒರಸಿ, ಮಾವನ ಮುಂಗೈ ಹಿಡಿದು ಕರೆದೊಯ್ದು ಕೂರಿಸಿದಳು.

“ಸೋರತೈತಿ ಬಿಡ್ರಿ” ಎಂದಳು, “ಸಣ್ಣ ತೂತು, ಹುಡುಕಾಕ ಭಾಳ ಹೊತ್ತು ಹಿಡೀತೈತಿ. ನೀ ಹೋಗವ್ವಾ ಅಂಬವ್ವಾ, ಸಂಜಿಗೆ ಬಂದು ಕರಕೊಂಡು ಹೋಗುವಂತಿ.”